ಅಂಚು ಕರಗಿದ ಕುಳಿ

ನೆಲಮಾಳಿಗೆಯ ಲ್ಯಾಬಿಗೆ ಕಾಲಿಟ್ಟ ಮೊದಲ ದಿನವೇ ಅವಳು ಅವನ ಶೂ ಮೇಲೆ ವಾಂತಿ ಮಾಡಿಕೊಂಡಳು.

ಶನಿಗ್ರಹದ ದೊಡ್ಡ ಚಂದ್ರನ ಸುತ್ತ ಗಾಳಿ ಎಷ್ಟು ದಟ್ಟವೆಂದರೆ ಮೇಲಿನಿಂದ ನೋಡಿದರೆ ನೆಲವೇ ಕಾಣದು. ಆ ಗಾಳಿಯಿಂದ ಉದುರುವ ಕಂದು ಅಂಟನ್ನು ಅವನು ಉಕ್ಕಿನ ಡಬ್ಬಿಯೊಳಗೆ ತಯಾರಿಸುತ್ತಿದ್ದ. ಸುಟ್ಟ ಪ್ಲಾಸ್ಟಿಕ್ಕಿಗೆ ಬೆಕ್ಕಿನ ಉಚ್ಚೆ ಬೆರೆಸಿದಂಥ ನಾತ. ಆಫೀಸಿನಲ್ಲಿ ಎಲ್ಲರಿಗೂ ಅವನು 'ಜಿಗುಟು'.

ಅವಳದು ನಾಲ್ಕನೇ ಮಹಡಿ, ನಕ್ಷೆ ಬಿಡಿಸುವ ಕೆಲಸ. ಆ ಚಂದ್ರನ ರೇಡಾರ್ ಚಿತ್ರಗಳಲ್ಲಿ ಒಂದು ಮಸುಕು ಉಂಗುರ ಕಂಡುಹಿಡಿದಿದ್ದಳು. ಉಲ್ಕೆ ಬಡಿದು ಆದ ಕುಳಿ ಎಂದು ಅವಳ ವಾದ.

"ಟೀ ಲೋಟದ ಕಲೆ ಇದ್ದ ಹಾಗಿದೆ. ಅಂಚೆಲ್ಲಿ?" ಎಂದಿದ್ದರು ಡೈರೆಕ್ಟರು.

"ಅಲ್ಲಿನ ಮಳೆ ಕೊರೆದಿದೆ ಸರ್. ಅಂಟಿನ ಮರಳು ತುಂಬಿದೆ."

"ಹದಿನೈದು ದಿನದಲ್ಲಿ ತೋರಿಸಿ. ಇಲ್ಲದಿದ್ದರೆ ಕುಳಿಗಳ ಪಟ್ಟಿಯಿಂದ ತೆಗೀತೀನಿ."

ಎರಡು ವರ್ಷದ ಕೆಲಸ. ಅಂಥ ಮರಳು ಇದ್ದದ್ದು ಜಿಗುಟಿನ ಹತ್ತಿರ ಮಾತ್ರ. ವಿಧಿಯಿಲ್ಲದೆ ಮೂಗು ಮುಚ್ಚಿಕೊಂಡು ಕೆಳಗಿಳಿದಿದ್ದಳು.

ಮರುದಿನ ಅವಳಿಗಾಗಿ ಮಾಸ್ಕು, ಜೊತೆಗೊಂದು ಬಕೆಟ್ಟು ಕಾದಿದ್ದವು.

"ಬಕೆಟ್ ಯಾಕೆ?"

"ಇನ್ನೊಂದು ಜೊತೆ ಶೂ ಇಲ್ಲ ನನ್ನ ಹತ್ರ."

ಮಾಸ್ಕಿನೊಳಗೆ ನಗು ನುಂಗಿದಳು. ಕಣ್ಣಲ್ಲಿ ಅದು ಸಿಕ್ಕಿಬಿದ್ದಿರಬೇಕು. ಅವನು ಒಂದು ಗಳಿಗೆ ಹೆಚ್ಚೇ ನೋಡಿ ತಿರುಗಿಕೊಂಡ.

ತಟ್ಟೆಯಲ್ಲಿ ಪುಟ್ಟದೊಂದು ಕುಳಿ ಮಾಡಿ, ಅಂಟಿನ ಮರಳು ಉದುರಿಸಿ, ಅಲ್ಲಿನ ಮಳೆಯ ಬದಲಿಗೆ ದ್ರವ ಸುರಿದು ದಿನವೂ ಅಳೆದರು. ಅವನ ಉಗುರಿನ ಸಂದಿಯೆಲ್ಲ ಕಂದು. ತೊಳೆದರೂ ಹೋಗದ ಆ ಕೈಯಲ್ಲೇ ಆರಾಮಾಗಿ ಬ್ರೆಡ್ಡು ಮುರಿಯುತ್ತಿದ್ದ. ಅವಳು ಮುಖ ತಿರುಗಿಸುತ್ತಿದ್ದಳು.

"ಅಕ್ಕಾ, ಅವನನ್ನ ನೋಡಿದ್ರೇ ಹೇಸಿಗೆ ಆಗುತ್ತೆ ಕಣೇ," ಎಂದಳು ಮೇಲೆ ತನ್ನ ಕೋಣೆಯಿಂದ ಫೋನಿನಲ್ಲಿ.

ತಿರುಗಿದರೆ ಬಾಗಿಲಲ್ಲಿ ಅವನು, ಎರಡು ಕಾಫಿ ಹಿಡಿದುಕೊಂಡು. ಒಂದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಟುಹೋದ.

ಅಂದಿನಿಂದ ಅವನು ಗ್ಲೌಸು ಬಿಚ್ಚಲಿಲ್ಲ, ಊಟಕ್ಕೆ ಹೊರಗೆ ಹೋದ, ಮೂರು ಮಾರು ದೂರ ನಿಂತ. ಅವಳಿಗೆ ಈಗ ತನ್ನ ನಾಲಿಗೆಯ ಮೇಲೇ ಅಸಹ್ಯ.

ಹನ್ನೆರಡನೇ ದಿನ ತಟ್ಟೆಯ ಅಂಚು ಕರಗಿತು. ಅದರ ಅಳತೆಗಳಿಂದ ಬಿಡಿಸಿದ ರೇಡಾರ್ ಚಿತ್ರ ಅವಳ ಉಂಗುರದ ಮೇಲೆ ಅಚ್ಚೊತ್ತಿದಂತೆ ಕೂತಿತು.

ಡೈರೆಕ್ಟರು ಅವನ ಹೆಗಲು ತಟ್ಟಿದರು. "ಭೇಷ್! ಪೇಪರಿನಲ್ಲಿ ನಿಮ್ಮ ಹೆಸರೇ ಮೊದಲಿರಲಿ. ಈಕೆಯದು ಗೆರೆ ಎಳೆಯೋ ಕೆಲಸ ತಾನೇ?"

ಲ್ಯಾಬಿನ ನಾತಕ್ಕಿಂತ ಆ ಮಾತು ಅವಳಿಗೆ ಹೆಚ್ಚು ವಾಕರಿಕೆ ತಂದಿತು.

ಅವನು ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ಸರಿಸಿದ. "ನಾನು ಮಾಡಿದ್ದು ಕೆಸರು, ಸರ್. ಕುಳಿ ಹುಡುಕಿದ್ದು ಅವರು. ಅವರ ಹೆಸರು ಮೊದಲಿಲ್ಲದಿದ್ರೆ ನನ್ನ ಅಳತೆ ಕೊಡಲ್ಲ."

ಮೆಟ್ಟಿಲಲ್ಲಿ ಅವಳು ಅವನನ್ನು ಓಡಿ ಹಿಡಿದಳು. "ಆವತ್ತು ನಾನು ಫೋನಲ್ಲಿ..."

"ಬೇರೆ ಯಾರ ಬಗ್ಗೆನೋ ಅಂತ ಮಾತ್ರ ಹೇಳ್ಬೇಡಿ."

"ನಿಮ್ಮ ಬಗ್ಗೆನೇ. ನಿಜವಾಗ್ಲೂ ಹೇಸಿಗೆ ಆಗ್ತಿತ್ತು. ಆ ನಾತ ಈಗಲೂ ತಡೆಯಕ್ಕಾಗಲ್ಲ. ಆದ್ರೆ ನಾಳೆಯಿಂದ ಕೆಳಗೆ ಬರೋ ಹಾಗಿಲ್ಲ ಅಂದ್ರೆ ಎದೆ ಹಿಂಡಿದ ಹಾಗಾಗುತ್ತೆ."

ಅವನು ಮೆಟ್ಟಿಲ ಮೇಲೆ ಕೂತ. ಹೇಳಿದ: "ಐದು ವರ್ಷದಿಂದ ನನಗೆ ಯಾವ ವಾಸನೆಯೂ ಗೊತ್ತಾಗಲ್ಲ. ಬೇಜಾರಿರಲಿಲ್ಲ. ನೀವು ಪಕ್ಕದಲ್ಲಿ ಬಗ್ಗಿ ಅಳತೆ ನೋಡ್ತಿದ್ರಲ್ಲ, ಕೂದಲು ಮುಂದೆ ಬೀಳ್ತಿತ್ತು... ಆಗ ಮಾತ್ರ ತುಂಬಾ ಬೇಜಾರಾಯ್ತು."

ತನ್ನ ಕೂದಲಿನದು ಯಾವ ಪರಿಮಳವೆಂದು ವರ್ಣಿಸಲು ಬಾಯಿ ತೆರೆದಳು. ವರ್ಣಿಸಿದರೆ ಸಾಲದು ಅನ್ನಿಸಿತು. ಅವನ ಪಕ್ಕ ಕೂತು, ತಲೆಯನ್ನು ಅವನ ಹೆಗಲಿಗೆ ಒರಗಿಸಿದಳು.