ಅಂಗಳದ ಸ್ಪ್ರಿಂಕ್ಲರ್

“ಇಂಥಾ ಉರಿಬಿಸಿಲಲ್ಲಿ ಈ ನೀರು ಎಲ್ಲಿಂದ ಬಂತು?”

ಕ್ಯಾತಮ್ಮ ಯಾರನ್ನೂ ನೋಡಿ ಕೇಳಲಿಲ್ಲ. ಅಂಗಳದ ನಡುವೆ ನಿಂತು, ಒಂದು ಕೊಬ್ಬರಿ ಗಿಟುಕನ್ನು ಸೆರಗಿನಿಂದ ಒರೆಸುತ್ತಾ, ಗಾಳಿಗೆ ಕೇಳಿದಳು. ಅವಳ ಸುತ್ತ ಸ್ಪ್ರಿಂಕ್ಲರ್ ಗಿರಗಿರನೆ ತಿರುಗುತ್ತಲೇ ಇತ್ತು. ಹರಡಿದ್ದ ಕೊಬ್ಬರಿಯೆಲ್ಲ ತೊಯ್ದು ತೊಪ್ಪೆಯಾಗಿತ್ತು.

ಆಗಷ್ಟೇ ಶಾಲೆಯಿಂದ ಬಂದ ಯಮುನಾ ಬ್ಯಾಗನ್ನು ಬಿಸಾಕಿ ಓಡಿಹೋಗಿ ವಾಲ್ವ್ ತಿರುಗಿಸಿದಳು.

ಕ್ಯಾತಮ್ಮ ಪಕ್ಕದ ಮನೆಯ ಅಜ್ಜಿ. ಅವಳ ಮನೆಯ ಸುತ್ತ ತೆಂಗಿನ ಮರಗಳು ಒತ್ತೊತ್ತಾಗಿವೆ, ಬಿಸಿಲೇ ಬೀಳುವುದಿಲ್ಲ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯನ್ನು ಸುಲಿದು ಒಡೆದು, ತಿಪಟೂರಿನ ಮಾರ್ಕೆಟ್ಟಿಗೆ ಕಳಿಸುವ ಮೊದಲು ಯಮುನಾಳ ಮನೆಯ ಸಿಮೆಂಟ್ ಅಂಗಳದಲ್ಲಿ ಒಂದು ಬಿಸಿಲು ಕಾಯಿಸುತ್ತಾಳೆ. ಯಮುನಾ ಹುಟ್ಟುವ ಮೊದಲಿನಿಂದಲೂ ಹಾಗೆಯೇ. ಅವಳು ಕೇಳುವುದಿಲ್ಲ, ಇವರು ಬೇಡ ಅನ್ನುವುದಿಲ್ಲ.

ತೋಟದಿಂದ ಅಪ್ಪ ಚಿತ್ತಯ್ಯ ಓಡಿಬಂದ. “ಅಯ್ಯೋ ಕ್ಯಾತಕ್ಕ, ನೀನು ಹಾಕಿರೋದು ನಂಗೆಲ್ಲಿ ಗೊತ್ತು? ಗಾಳಿ ಜೋರೈತೆ, ಅಂಗಳದಲ್ಲಿ ಧೂಳೇಳದಂಗೆ ನೋಡ್ಕೊ ಅಂತ ಫೋನಿಗೆ ಹೇಳ್ದೆ ಅಷ್ಟೆ.”

ಫೋನಿನಲ್ಲಿ ಇದ್ದದ್ದು ಹೇಳಿದ ಕೆಲಸವನ್ನು ತಾನೇ ಮಾಡುವ ಎಐ ಏಜೆಂಟ್. ಯಮುನಾಳ ಅಣ್ಣ ಚಿತ್ತೇಶ್ ಅದನ್ನು ಸೇರಿಸಿದ್ದ. ಮೋಟರು, ವಾಲ್ವು, ಸ್ಪ್ರಿಂಕ್ಲರ್ ಎಲ್ಲವನ್ನೂ ಅದೇ ನಡೆಸುತ್ತಿತ್ತು. ಅಪ್ಪ ಅದನ್ನು ‘ಸಂಬಳ ಇಲ್ಲದ ಆಳು’ ಎಂದು ಊರೆಲ್ಲ ಹೊಗಳಿಕೊಂಡು ಬಂದಿದ್ದ.

“ಹಾಳಾದ್ ಮಿಷಿನ್ನು” ಎಂದು ಈಗ ಅವನೇ ಬೈದ.

“ಬುಡು ಚಿತ್ತಯ್ಯ. ಮಿಷಿನ್ನಿಗೇನು ಗೊತ್ತು ಕೊಬ್ಬರಿ ಗೋಳು” ಎಂದಳು ಕ್ಯಾತಮ್ಮ.

ಯಮುನಾ ಬಗ್ಗಿ ಗಿಟುಕು ಆರಿಸತೊಡಗಿದಳು. ಅವಳ ಕಿವಿ ಬಿಸಿಯಾಗಿತ್ತು.

ಹಿಂದಿನ ಭಾನುವಾರ ಚಿತ್ತೇಶ್ ಅವಳನ್ನು ಕರೆದು ಫೋನ್ ಕೊಟ್ಟಿದ್ದ. “ನಿನ್ ಕನ್ನಡ ಚೆನ್ನಾಗೈತೆ, ಮೋಟ್ರು, ವಾಲ್ವು, ಸ್ಪ್ರಿಂಕ್ಲರ್ ಒಂದೊಂದಕ್ಕೂ ವಿವರ ನೀನೇ ಬರಿ. ಈ ಏಜೆಂಟು ನೀನು ಬರ್ದಿದ್ದನ್ನ ಓದ್ಕೊಂಡೇ ಕೆಲ್ಸ ಮಾಡೋದು. ನಮ್ಮನೆನೇ ನೋಡದೇ ಇರೋರಿಗೆ ಹೇಳ್ದಂಗೆ ಬರೀಬೇಕು. ಏನು ಮಾಡ್ತದೆ, ಯಾವಾಗ ಮಾಡ್ಬೇಕು, ಯಾವಾಗ ಮಾಡ್ಬಾರ್ದು, ಎಲ್ಲಾ.”

ಹೊರಗೆ ಗೆಳತಿಯರು ಕುಂಟೆಬಿಲ್ಲೆಗೆ ಕರೆಯುತ್ತಿದ್ದರು. ಅವಳು ಸ್ಪ್ರಿಂಕ್ಲರ್‌ಗೆ ‘ಅಂಗಳಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸುತ್ತದೆ’ ಎಂದಷ್ಟೇ ಬರೆದು ಎದ್ದಿದ್ದಳು.

“ಚೆಕ್ ಮಾಡ್ದ್ಯಾ?”

“ಹೂಂ ಅಣ್ಣ, ಎರಡೆರಡು ಸಲ” ಎಂದಿದ್ದಳು. ಒಂದು ಸಲವೂ ಮಾಡಿರಲಿಲ್ಲ.

ಸಂಜೆ ಚಿತ್ತೇಶ್ ಫೋನ್ ತೆಗೆದು ನೋಡಿದ. “ನೀನೇನು ಬರ್ದಿದ್ಯೋ ಹಂಗೇ ಮಾಡೈತೆ ಕಣೇ.”

“ಕೊಬ್ಬರಿ ಹರಡಿದ್ರೆ ನೀರು ಬಿಡ್ಬಾರ್ದು ಅಂತ ಯಾರಾದ್ರೂ ಬರೀತಾರಾ? ಎಲ್ರಿಗೂ ಗೊತ್ತಿರೋದೇ.”

“ಎಲ್ರಿಗೂ ಅಂದ್ರೆ?”

ಅಪ್ಪನಿಗೆ ಗೊತ್ತು. ಅಮ್ಮನಿಗೆ ಗೊತ್ತು. ಅಂಗಳದ ಕೋಳಿಗೂ ಗೊತ್ತು, ಗಿಟುಕು ಹರಡಿದ ದಿನ ಅದು ಇತ್ತ ಸುಳಿಯುವುದಿಲ್ಲ. ಗೊತ್ತಿಲ್ಲದ್ದು ಒಂದಕ್ಕೇ. ಅದಕ್ಕೆ ತಿಳಿಸುವ ಕೆಲಸ ಅವಳದಾಗಿತ್ತು.

“ಅಪ್ಪಂಗೆ ಹೇಳ್ಬಿಡ್ತೀಯಾ?”

“ನಾನ್ಯಾಕೆ ಹೇಳ್ಲಿ” ಎಂದು ಚಿತ್ತೇಶ್ ಫೋನನ್ನು ಅವಳ ಮಡಿಲಲ್ಲಿಟ್ಟು ಎದ್ದುಹೋದ.

ಅವಳು ಮತ್ತೆ ಬರೆದಳು. ಈ ಸಲ ನಿಜವಾಗಿ ಓದಿ ನೋಡಿದಳು, ಅಳಿಸಿದಳು, ಸೇರಿಸಿದಳು. ಆಮೇಲೆ ಪರೀಕ್ಷೆಗೆಂದು ಧೂಳು ಅಡಗಿಸಲು ಹೇಳಿದರೆ, ಫೋನು ‘ಅಂಗಳದಲ್ಲಿ ಏನಾದರೂ ಒಣಹಾಕಿದ್ದೀರಾ?’ ಎಂದು ಮೊದಲು ಕೇಳಿತು.

ಆದರೂ ಆ ವಾರವೆಲ್ಲ ಅವಳು ಕ್ಯಾತಮ್ಮನ ಮನೆಯ ಮುಂದೆ ತಲೆ ತಗ್ಗಿಸಿಯೇ ನಡೆದಳು. ಅಜ್ಜಿ ಎಂದಿನಂತೆ “ಇಸ್ಕೂಲಿಗೇನವ್ವ?” ಎಂದು ಕೇಳಿದಾಗಲೆಲ್ಲ ಇವಳು ಹೂಂ ಎಂದು ಹೆಜ್ಜೆ ಬಿರುಸು ಮಾಡುತ್ತಿದ್ದಳು.

ಶನಿವಾರ ಶಾಲೆಯಿಂದ ನೇರ ಅಲ್ಲಿಗೇ ಹೋದಳು. ಕ್ಯಾತಮ್ಮ ಒಲೆಯ ಮುಂದೆ ಕೂತು ಗಿಟುಕುಗಳನ್ನು ಬಿಸಿಗೆ ಹಿಡಿದಿದ್ದಳು. ಎಷ್ಟೋ ಗಿಟುಕಿಗೆ ಬೂಷ್ಟು ಹತ್ತಿತ್ತು.

“ಅಜ್ಜಿ, ಮಿಷಿನ್ ತಪ್ಪಲ್ಲ. ಅದಕ್ಕೆ ಬರ್ದುಕೊಟ್ಟಿದ್ದು ನಾನು. ಆಟದ ಆಸೆಗೆ ಪೂರ್ತಿ ಬರೀಲಿಲ್ಲ. ಚೆಕ್ ಮಾಡಿದ್ದೀನಿ ಅಂತ ಸುಳ್ಳೂ ಹೇಳ್ದೆ.”

ಕ್ಯಾತಮ್ಮ ಒಲೆಗೆ ಇನ್ನೊಂದು ಚಿಪ್ಪು ಹಾಕಿದಳು. “ಈಗ ಏನು ಬರ್ದಿದ್ದೀಯ? ಓದು ಕೇಳಾನ.”

ಯಮುನಾ ಓದಿದಳು. “ಅಂಗಳದಲ್ಲಿ ಕೊಬ್ಬರಿ, ರಾಗಿ, ಹುಣಸೆಹಣ್ಣು ಏನೇ ಒಣಹಾಕಿದ್ದರೂ ನೀರು ಬಿಡಬಾರದು. ಪಕ್ಕದ ಮನೆಯ ಕ್ಯಾತಜ್ಜಿ ಹೇಳದೆಯೇ ಬಂದು ಕೊಬ್ಬರಿ ಹರಡುತ್ತಾಳೆ. ಆದ್ದರಿಂದ ಪ್ರತಿಸಲವೂ ಮನೆಯವರನ್ನು ಕೇಳಬೇಕು. ಉತ್ತರ ಬರದಿದ್ದರೆ ಸುಮ್ಮನಿರಬೇಕು.”

ಹರಿಕಥೆಗೆ ಕೂತವಳಂತೆ ಕ್ಯಾತಮ್ಮ ಕಣ್ಣು ಮುಚ್ಚಿ ಕೇಳಿದಳು. “ನನ್ ಹೆಸ್ರೂ ಹಾಕಿದ್ದೀಯ. ಚೆನ್ನಾಗೈತೆ.”

ಯಮುನಾಳಿಗೆ ಧೈರ್ಯ ಬಂತು. “ಹಂಗಾದ್ರೆ ಅಟ್ಟದಲ್ಲಿ ಉಳಿದಿರೋದನ್ನ ನಮ್ಮಂಗಳದಲ್ಲೇ ಹಾಕಜ್ಜಿ. ನಾನೇ ಕೂತು ಕಾಯ್ತೀನಿ.”

ಹೇಳಿದ ಮೇಲೆ ಅವಳಿಗೇ ಹೊಳೆಯಿತು. ಇಷ್ಟು ವರ್ಷ ಅಜ್ಜಿಯನ್ನು ಬಾ ಎಂದು ಯಾರೂ ಕರೆದಿರಲೇ ಇಲ್ಲ.

ಕ್ಯಾತಮ್ಮ ಅವಳ ಕೆನ್ನೆಗೆ ಅಂಟಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು.

“ಇಲ್ಲ ಕಣವ್ವ” ಎಂದಳು. “ಹೇಳ್ದೆ ಕೇಳ್ದೆ ಹಾಕ್ತಿದ್ದ ಅಂಗಳ ಅದು, ಈಗ ಕೇಳಿ ಹಾಕೋ ಹಂಗಾಯ್ತು. ಇನ್ನು ಅಲ್ಲಿ ಹಾಕಾಕಿಲ್ಲ.”