ಏಳು ಬೆಳಗಿನ ಚೀಟಿ

ಡೈರಿಯಲ್ಲಿ ಬರೆದ ಸುಳ್ಳು ಯಾರಿಗೆ ಹೇಳಿದ ಸುಳ್ಳು? ಬೆಳಗಿನಿಂದ ರೈಟರಮ್ಮನಿಗೆ ಇದೇ ಕಿರಿಕಿರಿ. ಹೋದ ವಾರ ಐದು ದಿನ ಅವಳು ಡೈರಿ ಮುಟ್ಟಿರಲಿಲ್ಲ. ಭಾನುವಾರ ಕುಳಿತು ಐದೂ ದಿನವನ್ನು ಒಂದೇ ಉಸಿರಿಗೆ ತುಂಬಿಸಿದ್ದಳು, ಆಯಾ ದಿನವೇ ಬರೆದವಳ ಹಾಗೆ. ಬುಧವಾರದ ಪುಟದಲ್ಲಿ 'ಇಂದು ಮನಸ್ಸು ಹಗುರ' ಎಂದಿತ್ತು. ಬುಧವಾರ ಮನಸ್ಸು ಹಗುರವಿತ್ತೋ ಭಾರವಿತ್ತೋ, ದೇವರಾಣೆಗೂ ನೆನಪಿರಲಿಲ್ಲ. ತಾನೊಬ್ಬಳೇ ಓದುವ ಪುಸ್ತಕದಲ್ಲಿ ಈ ನಾಟಕ ಯಾಕೆ ಎಂದು ತನ್ನನ್ನೇ ಕೇಳಿಕೊಂಡಳು. ಕೇಳಿಕೊಳ್ಳುತ್ತಲೇ ಠಾಣೆಯ ಮೇಜು ಒರೆಸಿದಳು.

ರೈಟರಮ್ಮ ಎಂಬುದು ಕೆಲಸದಿಂದ ಬಂದ ಹೆಸರು. ದೂರು, ಎಫ್‌ಐಆರ್, ಹೇಳಿಕೆ, ಪಂಚನಾಮೆ, ಠಾಣೆಯ ಬರವಣಿಗೆಯೆಲ್ಲ ಅವಳದು. ಪದವಿ ಮುಗಿಸಿ ಕಾನ್‌ಸ್ಟೆಬಲ್ ಆಗಿ ಒಂದೂವರೆ ವರ್ಷವಾಗಿತ್ತು. ಅಕ್ಷರ ಮುತ್ತು ಪೋಣಿಸಿದಂತೆ. ಮಾತು ಮಾತ್ರ ಗಂಟಲಿನಿಂದ ಹೊರಬರಲು ಮೂರು ಪ್ರತಿಗಳಲ್ಲಿ ಅರ್ಜಿ ಹಾಕಬೇಕು. "ಈ ಹುಡುಗಿ ಬಾಯಿಗೆ ಬೀಗ ಹಾಕಿ ಕೀಲಿಕೈ ಪೆನ್ನಿಗೆ ಕಟ್ಟಿದ್ದಾರೆ," ಎಂದು ದಫೇದಾರರು ಆಡಿಕೊಳ್ಳುತ್ತಿದ್ದರು.

ಫೆಬ್ರವರಿ 27, ಬೆಳಿಗ್ಗೆ 10.40. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹಳೇ ವಾಚುಗಳ ಅಂಗಡಿ ಇಟ್ಟುಕೊಂಡಿದ್ದ ಮುದುಕ ಠಾಣೆಯ ಮೆಟ್ಟಿಲು ಹತ್ತಿದ. ಗಡಿಯಾರದ ಮುಳ್ಳುಗಳ ನಡುವೆಯೇ ತಲೆ ಹಣ್ಣಾದ್ದರಿಂದ ಓಣಿಯವರೆಲ್ಲ ಅವನನ್ನು ಮುಳ್ಳಪ್ಪ ಎನ್ನುತ್ತಿದ್ದರು. ಅವನ ದೂರು ಇಷ್ಟು: ಅಂಗಡಿಯ ಒಂದು ಕೈಗಡಿಯಾರದ ಒಳಗಿನ ಮಷೀನನ್ನು ಯಾರೋ ಕದ್ದು, ಅದೇ ಅಳತೆಯ ಬೇರೆ ಮಷೀನು ಕೂರಿಸಿದ್ದಾರೆ.

ಇನ್‌ಸ್ಪೆಕ್ಟರ್ ಸಾಹೇಬರು ಫೈಲಿನಿಂದ ತಲೆ ಎತ್ತಿದರು. "ವಾಚು ಇದೆ. ಒಳಗಿರೋದು ಇಲ್ಲ. ಅಲ್ವೇನಪ್ಪಾ?"

"ಹೌದು ಸ್ವಾಮಿ. ಮೈ ಇದೆ, ಪ್ರಾಣ ಬೇರೆಯವರದ್ದು."

ಸಾಹೇಬರಿಗೆ ನಗು ಬಂತು. ಆದರೆ ಮುಳ್ಳಪ್ಪ ರಿಜಿಸ್ಟರು ತೆರೆದು ತೋರಿಸಿದಾಗ ನಗು ನಿಂತಿತು. ಕೊಂಡ ದಿನವೇ ಆ ವಾಚಿನ ಮಷೀನಿನ ಮೇಲಿದ್ದ ಸಂಖ್ಯೆಯನ್ನು ಅವನು ಬರೆದಿಟ್ಟಿದ್ದ. ನಿನ್ನೆ ಹಿಂದಿನ ಮುಚ್ಚಳ ತೆಗೆದು ನೋಡಿದರೆ ಒಳಗಿದ್ದದ್ದು ಬೇರೆ ಸಂಖ್ಯೆ. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.15ಕ್ಕೆ ಅಂಗಡಿಯ ಮಹಜರು. ಎಂಟಡಿ ಅಗಲದ ಅಂಗಡಿ. ಗಾಜಿನ ಕೆಳಗೆ ಕಪ್ಪು ಮಕಮಲ್ಲಿನ ಮೇಲೆ ಸಾಲು ಸಾಲು ವಾಚುಗಳು, ಒಂದೊಂದೂ ಒಂದೊಂದು ಹೊತ್ತಿಗೆ ನಿಂತಿದ್ದವು. ಮೂಲೆಯ ಮೇಜಿನಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ರಿಪೇರಿಯಣ್ಣ. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ಚಿಮಟ.

ಅಂಗಡಿಯ ಪದ್ಧತಿಯನ್ನು ಮುಳ್ಳಪ್ಪ ವಿವರಿಸಿದ. ಇಲ್ಲಿ ಯಾರೂ ವಾಚನ್ನು ನೋಡಿದ ಕೂಡಲೇ ಕೊಳ್ಳುವಂತಿಲ್ಲ. ಮೊದಲು ಏಳು ದಿನ ಕಟ್ಟಿಕೊಂಡು ಓಡಾಡಬೇಕು. ಜೊತೆಗೆ ಒಂದು ಚೀಟಿ. ದಿನಾ ಬೆಳಿಗ್ಗೆ ಕೀ ಕೊಡುವಾಗ ವಾಚು ಹಿಂದಿನ ದಿನಕ್ಕಿಂತ ಎಷ್ಟು ಸೆಕೆಂಡು ಮುಂದೆ ಓಡಿದೆ, ಎಷ್ಟು ಹಿಂದೆ ಬಿದ್ದಿದೆ ಎಂದು, ನೋಡಿದ ಗಂಟೆಯ ಸಮೇತ ಅದರಲ್ಲಿ ಬರೆಯಬೇಕು. ಏಳನೇ ದಿನ ವಾಚನ್ನೂ ಚೀಟಿಯನ್ನೂ ತಂದು ಬೇಕು ಅಥವಾ ಬೇಡ ಎನ್ನಬೇಕು. ಬೇಕೆಂದವರು ಒಬ್ಬರಿಗಿಂತ ಹೆಚ್ಚಿದ್ದರೆ ಯಾರಿಗೆ ಕೊಡುವುದೆಂದು ಮುಳ್ಳಪ್ಪನೇ ತೀರ್ಮಾನಿಸುತ್ತಾನೆ.

"ಹೆಣ್ಣು ಕೊಟ್ಟ ಹಾಗಾಯ್ತಲ್ಲ," ಎಂದರು ಸಾಹೇಬರು.

"ಹೆಣ್ಣನ್ನ ಏಳು ದಿನ ಪರೀಕ್ಷೆಗೆ ಕಳಿಸ್ತಾರಾ ಸ್ವಾಮಿ? ಇದು ಅದಕ್ಕಿಂತ ಕಷ್ಟ."

ಮೂಲೆಯಲ್ಲಿ ನಿಂತು ಬರೆಯುತ್ತಿದ್ದ ರೈಟರಮ್ಮನ ಖಾಲಿ ಮಣಿಕಟ್ಟನ್ನು ನೋಡಿ ಮುಳ್ಳಪ್ಪ ಸುಮ್ಮನಿರಲಾರದೆ, ಗಾಜಿನೊಳಗಿಂದ ಒಂದು ಸಣ್ಣ ವಾಚು ತೆಗೆದು ಕಟ್ಟಿಯೇಬಿಟ್ಟ. ಪಟ್ಟಿಯ ಮೂರನೆಯ ತೂತು ಹಿಗ್ಗಿತ್ತು. ಹಿಂದಿನ ಒಡೆಯರ ಕೈ ದಪ್ಪ. ಗಾಜಿನ ಬಲಗಡೆ ಅಂಚಿನಲ್ಲಿ ಕೂದಲೆಳೆಯಷ್ಟು ಗೀರು; ಯಾರೋ ಮೇಜಿಗೆ ಕೈ ಊರಿ ಬಹಳ ವರ್ಷ ಬರೆದಿದ್ದರು. ಕೀ ತಿರುಗಿಸಿದಾಗ ಬೆರಳಿಗೆ ಸಣ್ಣ ಸಣ್ಣ ಹಲ್ಲುಗಳು ಸಿಕ್ಕವು. ಮೊದಲು ತಣ್ಣಗೆ ಕೊರೆಯುತ್ತಿದ್ದ ಲೋಹ ಅವಳ ಮೈಯ ಶಾಖವನ್ನೇ ಪಡೆದುಕೊಂಡಿತು. ಅರ್ಧ ಪುಟ ಬರೆಯುವಷ್ಟರಲ್ಲಿ ಕೈಯಲ್ಲಿ ವಾಚಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

"ಮರೆತೆಯೇನಮ್ಮ? ಅದೇ ಪರೀಕ್ಷೆ," ಎಂದ ಮುಳ್ಳಪ್ಪ. "ಆಗಾಗ ನೆನಪಾಗೋ ವಾಚನ್ನ ವಾಪಸ್ ಕೊಡಬೇಕು. ಮರೆತುಹೋದದ್ದನ್ನ ಇಟ್ಕೋಬೇಕು."

ಅವಳು ಕೆಂಪಾಗಿ ವಾಚು ಬಿಚ್ಚಿಕೊಟ್ಟಳು. ಬಿಚ್ಚಿದ ಮೇಲೆ ಮಣಿಕಟ್ಟು ಬೋಳು ಬೋಳು ಅನ್ನಿಸಿತು.

ಕಳುವಾದ ಮಷೀನಿನ ವಾಚನ್ನು ಆ ತಿಂಗಳಲ್ಲಿ ಮೂವರು ಕಟ್ಟಿಕೊಂಡಿದ್ದರು. ಮೂರರಿಂದ ಒಂಬತ್ತರವರೆಗೆ ಒಬ್ಬ ಲಿಫ್ಟ್ ಮೆಕ್ಯಾನಿಕ್. ಹನ್ನೊಂದರಿಂದ ಹದಿನೇಳರವರೆಗೆ ಹಲ್ಲಿನ ಡಾಕ್ಟರು. ಹದಿನೆಂಟರಂದು ವಾಚು ಅಂಗಡಿಯಲ್ಲೇ ಇತ್ತು. ರಿಪೇರಿಯಣ್ಣ ಪಟ್ಟಿ ಬದಲಿಸಿ ಗಾಜು ಒರೆಸಿದ್ದ. ಹತ್ತೊಂಬತ್ತರಿಂದ ಇಪ್ಪತ್ತೈದರವರೆಗೆ ಟೈಪಿಂಗ್ ಶಾಲೆಯ ಮೇಡಂ. ಅವರೇ ವಾಚು ಮೆಚ್ಚಿ, ನಿಧಾನ ಓಡುವುದನ್ನು ಮಾತ್ರ ಸರಿ ಮಾಡಿಕೊಡಿ ಎಂದಾಗ ಮುಳ್ಳಪ್ಪನಿಗೆ ಅನುಮಾನ ಹತ್ತಿದ್ದು. ಈ ವಾಚು ಮುಂದೆ ಓಡುತ್ತಿತ್ತೇ ಹೊರತು ಹಿಂದೆ ಬೀಳುತ್ತಿರಲಿಲ್ಲ.

28ರಂದು ಮೂವರ ಮನೆಗೂ ಹೋಗಿ ಹೇಳಿಕೆ ಪಡೆದದ್ದಾಯಿತು. ಟೈಪಿಂಗ್ ಮೇಡಂ ಮನೆಯಲ್ಲಿ ಒಂಬತ್ತು ವಾಚುಗಳು. ಹೊಸದು ಯಾಕೆ ಬೇಡ ಎಂದಿದ್ದಕ್ಕೆ, ಹೊಸ ವಾಚಿಗೆ ಮೊದಲ ಗೀರು ಬಿದ್ದ ದಿನ ತಮಗೆ ಊಟ ಸೇರುವುದಿಲ್ಲ, ಹಳೆಯದಾದರೆ ಆ ದುಃಖವನ್ನು ಬೇರೆಯವರು ಆಗಲೇ ಪಟ್ಟು ಮುಗಿಸಿರುತ್ತಾರೆ ಎಂದರು. ಮೆಕ್ಯಾನಿಕ್‌ಗೆ ವಾಚು ಇಷ್ಟವಾಗಿರಲಿಲ್ಲ. ಶಬ್ದ ಜಾಸ್ತಿ, ಮಲಗಿದರೆ ದಿಂಬಿನ ಕೆಳಗೆ ಎತ್ತಿನಗಾಡಿ ಹೋದ ಹಾಗೆ ಎಂದ. ಡಾಕ್ಟರು ಎರಡೇ ಮಾತಿನಲ್ಲಿ ಮುಗಿಸಿದರು: ಒಳ್ಳೆಯ ವಾಚು, ಆದರೆ ಬೇಡ. ಮನೆಯಲ್ಲಿ ಅರವತ್ತೊಂದು ವಾಚಿವೆ, ಇನ್ನೊಂದು ಬಂದರೆ ಹೆಂಡತಿ ತವರಿಗೆ ಹೋಗುತ್ತೇನೆಂದು ಹೇಳಿದ್ದಾಳೆ.

ಸಾಹೇಬರು ಮೂರೂ ಚೀಟಿಗಳನ್ನು ಮೇಜಿನ ಮೇಲೆ ಹರಡಿದರು. ಮೆಕ್ಯಾನಿಕ್ ಬರೆದದ್ದು ದಿನಕ್ಕೆ ಸುಮಾರು ನಲವತ್ತು ಸೆಕೆಂಡು ಮುಂದೆ. ಡಾಕ್ಟರದ್ದೂ ನಲವತ್ತು, ನಲವತ್ತೆರಡು, ನಲವತ್ತೊಂದು, ಏಳೂ ದಿನ. ಮೇಡಂ ಚೀಟಿಯಲ್ಲಿ ಮಾತ್ರ ಹದಿನೈದು ಹಿಂದೆ. ಅಂದರೆ ಹದಿನೇಳರವರೆಗೆ ಮಷೀನು ಹಳೆಯದು, ಹತ್ತೊಂಬತ್ತರಿಂದ ಬೇರೆ. ನಡುವೆ ಉಳಿದದ್ದು ಒಂದೇ ದಿನ, ಒಂದೇ ಕೈ.

ರಿಪೇರಿಯಣ್ಣನನ್ನು ಮಾರ್ಚ್ 1ರಂದು ಮೂರು ಗಂಟೆ ಕೂರಿಸಿ ಕೇಳಿದರು.

"ಹದಿನೆಂಟನೇ ತಾರೀಕು ಮುಚ್ಚಳ ತೆಗೆದೆಯಾ?"

"ಇಲ್ಲ ಸರ್. ಓಡೋ ವಾಚಿನ ಹೊಟ್ಟೆ ಸುಮ್ನೆ ಬಗೀಬಾರದು."

"ನೀನಲ್ದೆ ಇನ್ಯಾರಿಗೆ ಬರುತ್ತೆ ಈ ಕೆಲಸ?"

ಅವನು ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದ. ಜೈಲಿನ ಚಿಂತೆ ತನಗಿಲ್ಲ ಎಂದ. ಒಮ್ಮೆ ಕಳ್ಳ ಎನ್ನಿಸಿಕೊಂಡ ಕೈಗೆ ಯಾರೂ ವಾಚು ಕೊಡುವುದಿಲ್ಲ, ಬಿಡುಗಡೆಯಾದರೂ ಕೊಡುವುದಿಲ್ಲ. ಈ ಕೈಗೆ ಬೇರೆ ಕೆಲಸ ಬರುವುದಿಲ್ಲ. ಹೇಳಿಕೆಯ ಕೆಳಗೆ ಅವನ ಸಹಿ ಅಂಕುಡೊಂಕಿಲ್ಲದೆ ಒಂದೇ ಎಳೆತಕ್ಕೆ ಬಿತ್ತು. ಅದನ್ನು ರೈಟರಮ್ಮ ಗಮನಿಸಿದಳು.

ನಾಳೆ ಬೆಳಿಗ್ಗೆ ದಸ್ತಗಿರಿ ಎಂದು ಹೇಳಿ ಸಾಹೇಬರು ಎದ್ದರು. ಅವಳು ಚೀಟಿಗಳನ್ನು ಫೈಲಿಗೆ ಹಾಕಲು ಎತ್ತಿಕೊಂಡಳು. ಮೆಕ್ಯಾನಿಕ್‌ನ ಚೀಟಿಯಲ್ಲಿ ಒಂದು ಸಾಲು ನೀಲಿ, ಎರಡು ಸಾಲು ಪೆನ್ಸಿಲು, ಗ್ರೀಸಿನ ಹೆಬ್ಬೆಟ್ಟು. ಒಂದು ದಿನ ಆರೂ ಹತ್ತು, ರಜೆಯ ದಿನ ಎಂಟೂಕಾಲು. ಮೇಡಂ ಚೀಟಿ ಟೈಪು ಮಾಡಿದ್ದು. ಆದರೂ ದಿನಾ ಕಾಗದವನ್ನು ಹೊಸದಾಗಿ ಯಂತ್ರಕ್ಕೆ ಸಿಕ್ಕಿಸಿದ್ದರಿಂದ ಸಾಲುಗಳು ಒಂದರ ಕೆಳಗೊಂದು ನೆಟ್ಟಗೆ ಕೂತಿರಲಿಲ್ಲ. ಡಾಕ್ಟರ ಚೀಟಿಯಲ್ಲಿ ಏಳೂ ದಿನ ಆರು ಗಂಟೆ. ಒಂದೇ ಪೆನ್ನು. ಮೊದಲ ಸಾಲಿನಲ್ಲಿ ಕಪ್ಪಗಿದ್ದ ಶಾಯಿ ಎರಡು, ಮೂರು, ನಾಲ್ಕು ಎಂದು ಇಳಿಯುತ್ತ ತೆಳುವಾಗಿ, ಏಳನೇ ದಿನಕ್ಕೆ ಮುಗಿದೇಹೋಗಿ, ಅದರ ಮೇಲೆ ಒತ್ತಿ ತಿದ್ದಿದ ಗುರುತಿತ್ತು.

ಅವಳು ಆ ಚೀಟಿಯನ್ನು ದೀಪದ ಬೆಳಕಿಗೆ ಹಿಡಿದಳು. ಆ ಏಳು ದಿನಗಳಿಗೆ ಬೇರೆ ಬೇರೆ ಮುಖವಿರಲಿಲ್ಲ. ಅಂಥ ದಿನಗಳು ಅವಳಿಗೆ ಚೆನ್ನಾಗಿ ಗೊತ್ತಿದ್ದವು.

ಮಾರ್ಚ್ 2, ಬೆಳಿಗ್ಗೆ 9.05. ಸಾಹೇಬರು ಬರುವ ಮುಂಚೆಯೇ ಅವಳು ಅವರ ಮೇಜಿನ ಮೇಲೆ ಮೂರು ಚೀಟಿಗಳನ್ನಿಟ್ಟು, ಪಕ್ಕದಲ್ಲಿ ತನ್ನ ಡೈರಿಯನ್ನು ತೆರೆದಿಟ್ಟಿದ್ದಳು. ಬಾಯಲ್ಲಿ ಹೇಳಲು ಆಗದ್ದಕ್ಕೆ ಮಾಡಿದ ಉಪಾಯ ಅದು.

ಸಾಹೇಬರು ಡೈರಿಯ ಐದು ಪುಟ ಓದಿದರು. ಡಾಕ್ಟರ ಚೀಟಿ ನೋಡಿದರು. ಮತ್ತೆ ಡೈರಿ.

"ಒಂದೇ ದಿನ ಕೂತು ಬರೆದದ್ದೇನಮ್ಮ ಇದು?"

ಅವಳು ಹೌದೆಂದು ತಲೆಯಾಡಿಸಿದಳು.

"'ಇಂದು ಮನಸ್ಸು ಹಗುರ'," ಎಂದು ಅವರು ಓದಿ, ಪುಸ್ತಕ ಮುಚ್ಚಿ, ಅವಳ ಕೈಗೇ ಕೊಟ್ಟರು. ಆಮೇಲೆ ಜೀಪು ತೆಗೆಯಲು ಹೇಳಿದರು. ವಾಚು ಬಿಚ್ಚಿ ನೋಡಲು ರಿಪೇರಿಯಣ್ಣನೂ ಜೊತೆಗಿರಲಿ ಎಂದರು.

ಡಾಕ್ಟರ ಮನೆ ಚಿಕಿತ್ಸಾಲಯದ ಮೇಲಂತಸ್ತಿನಲ್ಲಿತ್ತು. ಅಗಲವಾದ, ಆಳವಿಲ್ಲದ ಖಾನೆಗಳ ಬೀರು. ಒಂದೊಂದು ಖಾನೆಯಲ್ಲೂ ಹತ್ತಿಯ ಮೇಲೆ ವಾಚುಗಳು. ಅವರ ಹೆಂಡತಿ ಬಾಗಿಲಲ್ಲಿ ನಿಂತು, ಎಣಿಸಿಕೊಳ್ಳಿ, ಅರವತ್ತೊಂದೇ ಇರೋದು, ಪ್ರತಿ ತಿಂಗಳು ನಾನೇ ಎಣಿಸ್ತೀನಿ ಎಂದರು. ಎಣಿಸಿದರು. ಅರವತ್ತೊಂದೇ ಇತ್ತು. ಸಾಹೇಬರು ಒಂದೊಂದನ್ನೂ ಬಿಚ್ಚಲು ಹೇಳಿದರು. ರಿಪೇರಿಯಣ್ಣ ಕಿಟಕಿ ಹತ್ತಿರ ಬಟ್ಟೆ ಹಾಸಿಕೊಂಡು ಕುಳಿತ. ಹೊರಗೆ ರಸ್ತೆ ಅಗೆಯುತ್ತಿದ್ದರು. ಕಿಟಕಿಯ ಕಟ್ಟೆಯ ಮೇಲೆ ಕೆಂಪು ಧೂಳು.

ಎರಡನೆಯ ವಾಚಿನ ಮುಚ್ಚಳಕ್ಕೆ ಕೈ ಹಾಕುತ್ತಿದ್ದಂತೆ ಡಾಕ್ಟರು ಕುರ್ಚಿಯಿಂದ ಎದ್ದರು.

"ಬೇಡಪ್ಪಾ. ಎಲ್ಲಾದ್ರೊಳಗೂ ಧೂಳು ಹೋಗುತ್ತೆ."

ಅವರೇ ನಾಲ್ಕನೆಯ ಖಾನೆ ಎಳೆದು, ಸೆಕೆಂಡಿನ ಮುಳ್ಳೇ ಇಲ್ಲದ ಒಂದು ಸಾದಾ ವಾಚನ್ನು ತೆಗೆದು ಬಟ್ಟೆಯ ಮೇಲಿಟ್ಟರು. ಅರವತ್ತು ವಾಚುಗಳನ್ನು ಧೂಳಿನಿಂದ ಕಾಪಾಡಲು ಹೋಗಿ ತಾವೇ ಸಿಕ್ಕಿಬಿದ್ದರು. ರಿಪೇರಿಯಣ್ಣ ಮುಚ್ಚಳ ತೆಗೆದು ಸಂಖ್ಯೆಯನ್ನು ಗಟ್ಟಿಯಾಗಿ ಓದಿದ. ರಿಜಿಸ್ಟರಿನಲ್ಲಿದ್ದ ಸಂಖ್ಯೆಯೇ. ಮುಚ್ಚಳವನ್ನು ಮತ್ತೆ ಒತ್ತಿ ಕೂರಿಸಿದ.

ಮನೆಗೆ ತಂದ ಎರಡನೇ ದಿನವೇ ಬದಲಿಸಿದೆ ಎಂದು ಡಾಕ್ಟರು ಒಪ್ಪಿಕೊಂಡರು. ಹಲ್ಲಿನ ಕೆಲಸದ ಸಲಕರಣೆ, ನಲವತ್ತು ವರ್ಷ ಪಳಗಿದ ಕೈ. ತಮ್ಮದೇ ಒಂದು ವಾಚಿನೊಳಗೆ ಅದೇ ಅಳತೆಯ ಮಷೀನಿತ್ತು. ಚೀಟಿ ತುಂಬಿಸಿದ್ದು ಕೊನೆಯ ದಿನ, ಮೊದಲ ದಿನ ಕಂಡ ನಲವತ್ತರ ಅಂದಾಜಿನ ಮೇಲೆ. ಅದರಿಂದ ಇನ್ನೊಬ್ಬನ ಕುತ್ತಿಗೆಗೆ ಬರುತ್ತದೆಂದು ಯೋಚಿಸಿರಲಿಲ್ಲ. ಇದನ್ನು ಹೇಳುವಾಗ ಅವರು ರಿಪೇರಿಯಣ್ಣನ ಕಡೆ ನೋಡಲಿಲ್ಲ.

ಸಾಹೇಬರು ಕಿಟಕಿಯ ಕಡೆ ತಿರುಗಿಕೊಂಡು ಯಾಕೆ ಎಂದರು. ಡಾಕ್ಟರು ಸುಮ್ಮನಿದ್ದರು. ಮುಖಕ್ಕೆ ಮುಖ ಕೊಟ್ಟು ಮತ್ತೆ ಕೇಳಿದಾಗ ಸಾಹೇಬರ ತುಟಿಯನ್ನೇ ನೋಡುತ್ತ, "ಕೇಳ್ಸುತ್ತೆ ಅಂತ," ಎಂದರು.

ಆಮೇಲೆ ನಿಧಾನವಾಗಿ ಹೇಳಿದರು. ಮೂರು ವರ್ಷದಿಂದ ಕಿವಿ ಇಳಿಯುತ್ತ ಬಂದಿದೆ. ಬಾಯಿ ತೆರೆದುಕೊಂಡು ಕುಳಿತವರ ಮಾತು ಯಾವ ಹಲ್ಲಿನ ಡಾಕ್ಟರಿಗೂ ತಿಳಿಯುವುದಿಲ್ಲವಾದ್ದರಿಂದ ರೋಗಿಗಳಿಗೆ ಗೊತ್ತಾಗಲಿಲ್ಲ. ಒಂದೊಂದೇ ವಾಚು ಮೂಕವಾಯಿತು. ಬೆಳಿಗ್ಗೆ ಅರವತ್ತೊಂದಕ್ಕೂ ಕೀ ಕೊಟ್ಟು ಅರವತ್ತೊಂದನ್ನೂ ಕಿವಿಗೆ ಹಿಡಿದರೆ ಹತ್ತಿಗೆ ಕಿವಿ ಕೊಟ್ಟ ಹಾಗೆ. ಇದೊಂದು ಮಾತ್ರ ಟಕ್ ಟಕ್ ಎಂದಿತು. ಕೊಳ್ಳಬಹುದಿತ್ತು. ಆದರೆ ಅರವತ್ತೆರಡನೆಯದು ಯಾಕೆ ಎಂದು ಮನೆಯಲ್ಲಿ ಕೇಳುತ್ತಾರೆ, ಕೇಳಿದರೆ ಕಿವಿಯ ವಿಷಯ ಹೇಳಬೇಕು.

ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಗಂಡಸರು ಹೇಳಿದ್ದನ್ನ ಕೇಳೋದಿಲ್ಲ ಅಂದ್ಕೊಂಡಿದ್ದೆ," ಎಂದರು, ಯಾರಿಗೂ ಅಲ್ಲದ ಹಾಗೆ. "ಮೂರು ವರ್ಷದಿಂದ ಬೈತಾನೇ ಇದ್ದೆ."

11.50ಕ್ಕೆ ಡಾಕ್ಟರನ್ನು ದಸ್ತಗಿರಿ ಮಾಡಿದ್ದಾಗಿ ಸಾಹೇಬರು ತಿಳಿಸಿದರು. ರೈಟರಮ್ಮ ಜಪ್ತಿ ಪಂಚನಾಮೆ ಬರೆಯುತ್ತ ಬಂದಳು. ವಸ್ತು, ಗುರುತು, ಸಂಖ್ಯೆ. ಕೊನೆಯ ಕಾಲಂ, ಸ್ಥಿತಿ. ಡಾಕ್ಟರು ಕೊನೆಯದಾಗಿ ಒಮ್ಮೆ ಎಂದು ಕೇಳಿ ವಾಚನ್ನು ಎತ್ತಿ ಕಿವಿಗೆ ಹಿಡಿದರು. ಪೊಲೀಸರು ಮೊದಲು ಬಂದು ಹೋದಾಗಿನಿಂದ ಹೆದರಿ ಆ ಖಾನೆ ತೆರೆದು ಕೀ ಕೊಟ್ಟಿರಲಿಲ್ಲವಂತೆ. ಅವರ ಮುಖ ಮೆತ್ತಗಾಯಿತು.

"ನೋಡಿ, ಎಷ್ಟು ಚೆನ್ನಾಗಿ ಓಡ್ತಿದೆ," ಎಂದು ವಾಚನ್ನು ಅವಳ ಕೈಗಿಟ್ಟರು. "ಕೇಳಮ್ಮ."

ಅವಳು ಕಿವಿಗೆ ಹಿಡಿದಳು. ರಸ್ತೆಯ ಸದ್ದು ಕೇಳಿಸಿತು, ಬಾಗಿಲಲ್ಲಿ ನಿಂತವರ ಉಸಿರು ಕೇಳಿಸಿತು. ಮುಳ್ಳುಗಳು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ನಿಂತಿದ್ದವು. ಮುಚ್ಚಳ ತೆಗೆದು ನೋಡಿದ್ದ ರಿಪೇರಿಯಣ್ಣನಿಗೂ ಅದು ಗೊತ್ತಿತ್ತು. ಅವನು ಬಟ್ಟೆ ಮಡಚುತ್ತ ತಲೆ ಎತ್ತಲಿಲ್ಲ. ಸಾಹೇಬರು ವಾಚನ್ನೂ ಡಾಕ್ಟರನ್ನೂ ನೋಡಿ, ದನಿ ತಗ್ಗಿಸಿ, ಚಾಲನೆಯಲ್ಲಿದೆ ಅಂತ ಬರ್ಕೊಳಮ್ಮ ಎಂದರು.

ಒಂದು ಪದ. ಬರೆದರೆ ಯಾರಿಗೂ ನಷ್ಟವಿರಲಿಲ್ಲ. ಅವಳ ಪೆನ್ನು ಕಾಲಮ್ಮಿನ ಮೇಲೆ ನಿಂತಿತು. ಡಾಕ್ಟರು ಅವಳ ತುಟಿಗಳನ್ನೇ ನೋಡುತ್ತಿದ್ದರು, ಫಲಿತಾಂಶಕ್ಕೆ ಕಾದ ಹುಡುಗನ ಹಾಗೆ. ಪಿಸುಗುಟ್ಟಿದರೆ ಅವರಿಗೆ ತಲುಪುವುದಿಲ್ಲ; ತಲುಪದ ಹಾಗೆ ಹೇಳುವುದೂ ಒಂದೇ, ಹೇಳದಿರುವುದೂ ಒಂದೇ.

ಅವಳು ಎದ್ದು ನಿಂತು, ಅವರ ಕಿವಿಯ ಹತ್ತಿರ ಬಾಗಿ, ತನ್ನ ಜನ್ಮದಲ್ಲೇ ಎತ್ತಿರದಷ್ಟು ದೊಡ್ಡ ದನಿಯಲ್ಲಿ ಹೇಳಿದಳು:

"ಡಾಕ್ಟ್ರೇ, ವಾಚು ನಿಂತುಹೋಗಿದೆ."