ಫರ್ಹಾನ್ ಕೂರಿಸಿದ ಅಳತೆ

ನನ್ನ ಗಿಟಾರಿನ ತುದಿ ಎತ್ತಿದರೆ ದನಿ ನಡುಗುತ್ತದೆ, ಇಳಿಸಿದರೆ ನಡುಕ ನಿಲ್ಲುತ್ತದೆ. ಹಾಗೆ ಮಾಡಿಕೊಟ್ಟವನು ಚನ್ನಪಟ್ಟಣದ ಬೊಂಬೆ ಕೆಲಸದ ಫರ್ಹಾನ್. ಏರಿಳಿತ ಗುರುತಿಸುವ ಸೆನ್ಸರೊಂದನ್ನು ಮೊದಲು ತನ್ನ ಟೋಪಿಗೆ ಕಟ್ಟಿ, ತಲೆ ಎತ್ತಿ ಇಳಿಸಿ ಅಳತೆ ಕೂರಿಸಿದ. ಆಮೇಲೆ ಗಿಟಾರಿನೊಳಗಿಟ್ಟು, ಬೊಂಬೆಗೆ ಹಚ್ಚುವ ಅರಗಿನಿಂದಲೇ ಮುಚ್ಚಿದ. ವೇದಿಕೆಗಳಲ್ಲಿ ಅದನ್ನು ನಾನೇ ಮಾಡಿದ್ದೆಂದು ಹೇಳಿಕೊಂಡೆ.

ಅವನು ಸತ್ತಾಗ ಮಣ್ಣಿಗೂ ಹೋಗಲಿಲ್ಲ. ಆ ಮಧ್ಯಾಹ್ನ ರಾಮನಗರದ ಒಂದು ಮದುವೆಯಲ್ಲಿ ನುಡಿಸುತ್ತಿದ್ದೆ. ಅಂಥ ಸೆಕೆಯಲ್ಲೂ ಗಿಟಾರಿನ ಅರಗು ತಣ್ಣಗೆ ಕೊರೆಯುತ್ತಿತ್ತು. ಎರಡು ಹಾಡುಗಳ ನಡುವೆ ಅವನ ಹೆಂಡತಿ ಶಬ್ನಮ್ ಫೋನ್ ಮಾಡಿದಳು.

“ಅಣ್ಣಾ, ಗಿಟಾರ್ ಕೆಳಗಿಟ್ಬುಡಿ. ಇವ್ರನ್ನ ಮಲಗ್ಸಿದೀವಿ, ತಲೆ ತಾನಾಗೇ ಏಳ್ತೈತೆ, ಇಳೀತೈತೆ. ಮಕ್ಳು ನೋಡ್ತಾವ್ರೆ.”

ಜನ ಒನ್ಸ್ ಮೋರ್ ಎಂದು ಕೂಗಿದರು. ಫೋನನ್ನು ಕಟ್ ಮಾಡದೆ ಹಾಗೇ ಜೇಬಿಗೆ ಹಾಕಿ ತುದಿ ಎತ್ತಿದೆ. ಜೇಬಿನೊಳಗೆ ಮಕ್ಕಳು ಚೀರಿದರು.

ಹಾಡು ಮುಗಿಯುವವರೆಗೂ ನಾನು ಇಳಿಸಲಿಲ್ಲ.